ಹೊಲಿದು ಕೂರಿಸುವ ಕೂದಲು: ಇಂಚು ಆಮೇಲೆ, ಬುಡ ಮೊದಲು

ಸ್ವಂತ ಕೂದಲಿಗೆ ಬೇರೆ ಕೂದಲು ಸೇರಿಸುವ ಹೇರ್ ಎಕ್ಸ್‌ಟೆನ್ಷನ್ ಮಾಡಿಸಿಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಎಷ್ಟು ಇಂಚು, ಯಾವ ಬಣ್ಣ, ರೇಟು ಎಷ್ಟು ಎಂದು. ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ, ಆದರೆ ಮೊದಲು ಕೇಳಬೇಕಾದವಲ್ಲ. ಕೊಂಡ ಕೂದಲು ಕಳಪೆಯಾದರೆ ದುಡ್ಡು ಹೋಗುತ್ತದೆ. ಅದನ್ನು ಕೂರಿಸಿದ ರೀತಿ ನಿಮ್ಮ ತಲೆಗೆ ಹೊಂದದಿದ್ದರೆ ಸ್ವಂತ ಕೂದಲೇ ಹೋಗುತ್ತದೆ. ಹಾಗಾಗಿ ಯಾವ ಬಗೆ ನನಗೆ ಸರಿ ಎಂದು ತೀರ್ಮಾನಿಸುವಾಗ ಮೊದಲು ನೋಡಬೇಕಾದದ್ದು ಒಂದೇ: ಈ ಭಾರವನ್ನು ನನ್ನ ಕೂದಲಿನ ಯಾವ ಭಾಗ ಹೊರುತ್ತದೆ, ಹೊರುವ ಶಕ್ತಿ ಅದಕ್ಕಿದೆಯೇ?

ಹೊಲಿದು ಕೂರಿಸುವ ಎಕ್ಸ್‌ಟೆನ್ಷನ್‌ಗೆ ಪಾರ್ಲರ್‌ಗಳಲ್ಲಿ ಸೋ-ಇನ್ ಅಥವಾ ವೀವ್ ಎನ್ನುತ್ತಾರೆ. ಕ್ಲಿಪ್ ಹಾಕುವುದು, ಟೇಪ್ ಅಂಟಿಸುವುದು, ಕೆರಾಟಿನ್ ಅಂಟು ಕರಗಿಸಿ ಎಳೆಎಳೆಯಾಗಿ ಅಂಟಿಸುವುದು ಇದಕ್ಕಿಂತ ಬೇರೆ. ಇಲ್ಲಿ ಕೂದಲನ್ನು ಮೊದಲೇ ಒಂದು ಪಟ್ಟಿಯ ಮೇಲೆ ಜಾಲರಿಯಂತೆ ಇಳಿಬಿಟ್ಟು ಹೊಲಿದಿರುತ್ತಾರೆ. ಆ ಪಟ್ಟಿಯೇ ವೆಫ್ಟ್. ಅದನ್ನು ಸೂಜಿದಾರದಿಂದ ತಲೆಯ ಮೇಲಿನ ಒಂದು ಆಧಾರಕ್ಕೆ ಹೊಲಿಯುತ್ತಾರೆ. ಆಧಾರ ಎರಡು ಬಗೆಯದ್ದು. ಒಂದು ನೆತ್ತಿಗೆ ಅಂಟಿದಂತೆ ಹೆಣೆದ ಸಣ್ಣ ಜಡೆಗಳ ಸಾಲು, ಅಂದರೆ ಕಾರ್ನ್‌ರೋ. ಇನ್ನೊಂದು ಸಣ್ಣ ಮಣಿಗಳ ಸಾಲು. ಮಿಕ್ಕ ಹೆಸರುಗಳೆಲ್ಲ ಈ ಎರಡರ ಮೇಲೆ ಕಟ್ಟಿದವೇ.

ಜಡೆಯ ಮೇಲೆ ಹೊಲಿಯುವ ವಿಧಾನ ಬೆಳೆದದ್ದು ಅಮೆರಿಕದ ಕಪ್ಪು ಮಹಿಳೆಯರ ನಡುವೆ. ಕ್ರಿಸ್ಟಿನಾ ಜೆಂಕಿನ್ಸ್ ಎಂಬಾಕೆ ಕೂದಲನ್ನು ತಲೆಗೆ ಹೊಲಿದು ನಿಲ್ಲಿಸುವ ತಮ್ಮ ವಿಧಾನಕ್ಕೆ 1952ರಲ್ಲಿ ಅಲ್ಲಿ ಪೇಟೆಂಟ್ ಪಡೆದರು. ಅದಕ್ಕೂ ಮೊದಲು ಕೂದಲು ಸೇರಿಸಬೇಕೆಂದರೆ ಪಿನ್ನು ಚುಚ್ಚಬೇಕಿತ್ತು, ಇಲ್ಲವೇ ವಿಗ್ ಹಾಕಬೇಕಿತ್ತು, ಎರಡೂ ಜರುಗುತ್ತಿದ್ದವು. ಆಫ್ರಿಕನ್ ಮೂಲದ ದಟ್ಟ ಸುರುಳಿ ಕೂದಲನ್ನು ಬುಡದಿಂದಲೇ ಹೆಣೆದರೆ ಅದು ಅಲ್ಲೇ ಹಿಡಿದು ನಿಲ್ಲುತ್ತದೆ, ವಾರಗಟ್ಟಲೆ ಬಿಚ್ಚಿಕೊಳ್ಳುವುದಿಲ್ಲ. ಈ ಹಿಡಿತವನ್ನೇ ನಂಬಿ ಇಡೀ ವಿಧಾನ ನಿಂತಿದೆ. ನಮ್ಮಲ್ಲಿ ಹೆಚ್ಚಿನವರ ನೇರ ಅಥವಾ ಅಲೆಅಲೆ ಕೂದಲು ನುಣುಪು. ಅದೇ ಜಡೆ ನಮ್ಮ ತಲೆಯಲ್ಲಿ ಬೇಗ ಜಾರುತ್ತದೆ. ವಿಡಿಯೋ ನೋಡಿ "ನನಗೂ ಇದನ್ನೇ ಮಾಡಿ" ಎನ್ನುವ ಮುನ್ನ ಈ ವ್ಯತ್ಯಾಸ ತಿಳಿದಿರಬೇಕು.

ಹೊಲಿಗೆ ನಡೆಯುವುದು ಹೀಗೆ. ಮೊದಲು ಕೂದಲನ್ನು ತೊಳೆದು, ಪೂರ್ತಿ ಒಣಗಿಸಿ, ಹಿಂದಕ್ಕೆ ನೇರವಾಗಿಯೋ ಸುತ್ತುಸುತ್ತಾಗಿಯೋ ಸಣ್ಣ ಜಡೆಗಳನ್ನು ಹೆಣೆಯುತ್ತಾರೆ. ಜಡೆಗಳ ತುದಿಯನ್ನು ಮಡಚಿ ಅಲ್ಲೇ ಹೊಲಿದುಬಿಡುತ್ತಾರೆ. ಕೆಲವರು ಅದರ ಮೇಲೆ ತೆಳು ಬಲೆ ಹೊದಿಸುತ್ತಾರೆ. ಆಗ ಭಾರ ಒಂದೊಂದೇ ಜಡೆಯ ಮೇಲೆ ಬೀಳದೆ ಸ್ವಲ್ಪ ಹರಡಿಕೊಳ್ಳುತ್ತದೆ. ಆಮೇಲೆ ಬಾಗಿದ ಸೂಜಿ ಜಡೆಯ ಅಡಿಯಿಂದ ತೂರಿ, ವೆಫ್ಟಿನ ಅಂಚನ್ನು ಸುತ್ತಿ ಬಂದು, ತನ್ನದೇ ದಾರದ ಕುಣಿಕೆಯೊಳಗೆ ಹಾಯುತ್ತದೆ, ಬಟ್ಟೆಗೆ ಕಾಜಾ ಹಾಕುವ ಹಾಗೆ. ಸೂಜಿ ಜಡೆಯನ್ನು ಬಳಸಿ ಹೋಗಬೇಕು, ಜಡೆಯ ನಡುವೆ ಚುಚ್ಚಿ ಹೋಗಬಾರದು. ನಡುವೆ ಹೋದರೆ ಬಿಚ್ಚುವಾಗ ದಾರದ ಜೊತೆ ನಿಮ್ಮ ಕೂದಲೂ ಕತ್ತರಿಗೆ ಸಿಗುತ್ತದೆ. ಕೆಲಸ ಬಲ್ಲವರು ಹಣೆಯಂಚಿನ ಮತ್ತು ಕತ್ತಿನ ಎಳೆಗೂದಲನ್ನು ಜಡೆಗೆ ಸೇರಿಸದೆ ಹೊರಗೇ ಬಿಡುತ್ತಾರೆ. ತಲೆಯಲ್ಲಿ ಎಲ್ಲಕ್ಕಿಂತ ದುರ್ಬಲ ಕೂದಲು ಅದು.

ಜಡೆಯ ಸಾಲು ಮುಗಿದು ನೆತ್ತಿಯ ಮೇಲಕ್ಕೆ ಬಂದಾಗ ನಿಜವಾದ ಆಯ್ಕೆಯ ಪ್ರಶ್ನೆ ಏಳುತ್ತದೆ. ಕೊನೆಯ ವೆಫ್ಟಿನ ಅಂಚು, ಹೊಲಿಗೆ ಎಲ್ಲ ಕಾಣುತ್ತವೆ. ಅವನ್ನು ಯಾವುದರಿಂದ ಮುಚ್ಚುವುದು?

ಹಳೆಯ ಮತ್ತು ಸರಳ ದಾರಿಯೆಂದರೆ ನಿಮ್ಮದೇ ಕೂದಲನ್ನು ಸ್ವಲ್ಪ ಹೊರಗೆ ಬಿಟ್ಟು ಅದರಿಂದಲೇ ಮುಚ್ಚುವುದು. ಇದು ಲೀವ್-ಔಟ್. ಬೈತಲೆ ನಿಮ್ಮದೇ, ಹಣೆಯಂಚೂ ನಿಮ್ಮದೇ, ಹಾಗಾಗಿ ನೋಡಲು ಇಷ್ಟು ಸಹಜವಾದದ್ದು ಇನ್ನೊಂದಿಲ್ಲ. ತೊಂದರೆ ಇರುವುದು ಹೊಂದಾಣಿಕೆಯಲ್ಲಿ. ನಿಮ್ಮದು ಗುಂಗುರು ಕೂದಲಾಗಿದ್ದು ನೇರ ವೆಫ್ಟ್ ಹಾಕಿಸಿದರೆ, ಹೊರಗೆ ಬಿಟ್ಟ ಕೂದಲನ್ನು ದಿನವೂ ಇಸ್ತ್ರಿ ಮಾಡಿ ನೇರ ಮಾಡಬೇಕು. ವಾರ ಕಳೆದಂತೆ ತಲೆಯ ಮಿಕ್ಕ ಕೂದಲೆಲ್ಲ ಒಳಗೆ ನೆಮ್ಮದಿಯಾಗಿದ್ದರೆ ಈ ಒಂದು ಹಿಡಿ ಮಾತ್ರ ಸುಟ್ಟು ತುಂಡಾಗಿರುತ್ತದೆ, ಅದೂ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ. ವೆಫ್ಟಿನ ಜಾತಿ ನಿಮ್ಮ ಕೂದಲಿನ ಜಾತಿಗೆ ಹೊಂದಿದರೆ ಮಾತ್ರ ಲೀವ್-ಔಟ್ ಆರಿಸಿ.

ಎರಡನೆಯದು ಕ್ಲೋಷರ್. ತೆಳ್ಳನೆಯ ಲೇಸ್ ತುಂಡಿನ ಮೇಲೆ ಒಂದೊಂದೇ ಎಳೆಯನ್ನು ಕೈಯಿಂದ ಗಂಟು ಹಾಕಿರುತ್ತಾರೆ. ಸಾಮಾನ್ಯ ಅಳತೆ 4 ಇಂಚು ಅಗಲ, 4 ಇಂಚು ಉದ್ದ. 5×5, 6×6 ಕೂಡ ಸಿಗುತ್ತವೆ. ಅದನ್ನು ನೆತ್ತಿಯ ಮುಂಭಾಗಕ್ಕೆ ಹೊಲಿದರೆ ಬೈತಲೆ ತೆಗೆದಂತೆಯೇ ಕಾಣುತ್ತದೆ, ನಿಮ್ಮ ಕೂದಲು ಪೂರ್ತಿ ಒಳಗೇ ಉಳಿಯುತ್ತದೆ. ಗಂಟುಗಳು ಕಪ್ಪು ಚುಕ್ಕೆಯಂತೆ ಕಾಣದಿರಲು ಅವನ್ನು ಬ್ಲೀಚ್ ಮಾಡುತ್ತಾರೆ. ಅತಿಯಾಗಿ ಬ್ಲೀಚ್ ಮಾಡಿದರೆ ಗಂಟು ಸಡಿಲಗೊಂಡು ಕೂದಲು ಉದುರುತ್ತದೆ, ಹಾಗಾಗಿ ಕೊಳ್ಳುವಾಗ ಬೈತಲೆಯ ಸಾಲನ್ನು ಬೆರಳಿಂದ ಮೆಲ್ಲಗೆ ಎಳೆದು ನೋಡಿ. ಕೂದಲನ್ನು ಎಲ್ಲೆಂದರಲ್ಲಿ ಬೈತಲೆ ತೆಗೆಯಲು ಆಗದು, ಹಿಂದಕ್ಕೆ ಎತ್ತಿ ಕಟ್ಟಿದರೆ ಅಂಚು ಕಾಣುತ್ತದೆ. ಇಷ್ಟು ಮಿತಿಗಳನ್ನು ಒಪ್ಪಿಕೊಂಡರೆ ಜಡೆಯಾಧಾರಿತ ಸೋ-ಇನ್‌ಗಳಲ್ಲಿ ಕೂದಲಿಗೆ ಅತಿ ಕಡಿಮೆ ತೊಂದರೆ ಕೊಡುವುದು ಇದೇ ಎಂಬುದು ನನ್ನ ಅಭಿಪ್ರಾಯ.

ಫ್ರಂಟಲ್ ಅಂದರೆ ಅದೇ ಲೇಸು, ಆದರೆ ಕಿವಿಯಿಂದ ಕಿವಿಯವರೆಗೆ. 13×4 ಅಥವಾ 13×6 ಇಂಚಿನದು. ಇಡೀ ಹಣೆಯಂಚೇ ಹೊಸದಾಗುವುದರಿಂದ ಕೂದಲನ್ನು ಪೂರ್ತಿ ಹಿಂದಕ್ಕೆ ಬಾಚಬಹುದು, ಯಾವ ಕಡೆಗಾದರೂ ಬೈತಲೆ ತೆಗೆಯಬಹುದು. ಫೋಟೋಗಳಲ್ಲಿ ಬೆರಗು ಹುಟ್ಟಿಸುವುದು ಹೆಚ್ಚಾಗಿ ಇದೇ. ಆದರೆ ಮುಂದಿನ ಅಂಚನ್ನು ಹೊಲಿಯಲು ಬರುವುದಿಲ್ಲ, ಚರ್ಮಕ್ಕೆ ಅಂಟಿಸಬೇಕು. ಬೆವರು, ಎಣ್ಣೆ, ಮುಖ ತೊಳೆಯುವ ನೀರು ಎಲ್ಲ ಸೇರಿ ಒಂದೆರಡು ವಾರದಲ್ಲಿ ಅಂಟು ಬಿಡುತ್ತದೆ, ಮತ್ತೆ ತೆಗೆದು ಅಂಟಿಸಬೇಕು. ಪ್ರತಿ ಸಲ ಅಂಟು ಕೀಳುವಾಗ ಹಣೆಯಂಚಿನ ಎಳೆಗೂದಲು ಅದರ ಜೊತೆ ಬರುತ್ತದೆ. ಮದುವೆ, ಶೂಟಿಂಗ್ ಎಂದು ಕೆಲವು ದಿನಕ್ಕೆ ಸರಿ. ತಿಂಗಳುಗಟ್ಟಲೆ ಇಟ್ಟುಕೊಳ್ಳಲು ನಾನು ಯಾರಿಗೂ ಹೇಳುವುದಿಲ್ಲ, ಅದರಲ್ಲೂ ಹಣೆಯಂಚು ಈಗಾಗಲೇ ಹಿಂದೆ ಸರಿದವರಿಗೆ. ವಿಚಿತ್ರವೆಂದರೆ ಅದನ್ನು ಮರೆಮಾಚಲು ಫ್ರಂಟಲ್ ಕೇಳುವವರು ಅವರೇ ಹೆಚ್ಚು.

ವಿಕ್ಸನ್ ಎಂಬ ಇನ್ನೊಂದು ಬಗೆಯಲ್ಲಿ ತಲೆಯನ್ನು ನಾಲ್ಕು ಭಾಗ ಮಾಡಿ, ನಡುವಿನ ಗೆರೆಗಳಲ್ಲೂ ಸುತ್ತಲಿನ ಅಂಚಿನಲ್ಲೂ ಸ್ವಂತ ಕೂದಲು ಬಿಡುತ್ತಾರೆ. ಎತ್ತಿ ತುರುಬು ಕಟ್ಟಬಹುದು, ಎರಡು ಜಡೆ ಹಾಕಬಹುದು. ಲೀವ್-ಔಟಿನ ಕಷ್ಟಗಳೆಲ್ಲ ಇಲ್ಲಿ ಇನ್ನಷ್ಟು ಜಾಗದಲ್ಲಿ ಬರುತ್ತವೆ.

ಮಣಿಸಾಲು, ಅಂದರೆ ಜಡೆಯಿಲ್ಲದ ಹೊಲಿಗೆ

ನೇರ, ನುಣುಪು ಕೂದಲಿನವರಿಗೆ ಸಾಮಾನ್ಯವಾಗಿ ಹೊಂದುವುದು ಇದು. ಕೂದಲಿನ ಒಂದು ಅಡ್ಡಗೆರೆ ತೆಗೆದು, ಆ ಗೆರೆಯುದ್ದಕ್ಕೂ ಸಣ್ಣ ಸಣ್ಣ ಕುಚ್ಚುಗಳನ್ನು ಹಿಡಿದು, ಒಂದೊಂದಕ್ಕೂ ಒಳಗೆ ಸಿಲಿಕೋನ್ ಪದರವಿರುವ ಒಂದೊಂದು ಲೋಹದ ಮಣಿ ಪೋಣಿಸಿ ಇಕ್ಕಳದಿಂದ ಒತ್ತುತ್ತಾರೆ. ಸಾಲಾಗಿ ನಿಂತ ಈ ಮಣಿಗಳಿಗೆ ವೆಫ್ಟನ್ನು ಹೊಲಿಯುತ್ತಾರೆ. ಶಾಖವಿಲ್ಲ, ಅಂಟಿಲ್ಲ, ನೆತ್ತಿ ಕೈಗೆ ಸಿಗುತ್ತದೆ, ತಲೆ ತೊಳೆಯುವುದು ಸುಲಭ, ಚಪ್ಪಟೆಯಾಗಿ ಕೂರುತ್ತದೆ.

ಆದರೆ ಇಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ಜಡೆಯಲ್ಲಿ ಭಾರ ಉದ್ದಕ್ಕೂ ಹಂಚಿಹೋಗುತ್ತದೆ. ಮಣಿಸಾಲಿನಲ್ಲಿ ಇಡೀ ವೆಫ್ಟಿನ ತೂಕ ಆ ಕೆಲವು ಕುಚ್ಚುಗಳ ಮೇಲೆಯೇ. ಸಮಯ ಉಳಿಸಲು ಮಣಿಗಳನ್ನು ದೂರ ದೂರ ಇಟ್ಟರೆ, ಒಂದೊಂದು ಕುಚ್ಚೂ ತನ್ನ ಪಾಲಿಗಿಂತ ಹೆಚ್ಚು ಹೊರುತ್ತದೆ. ಒಂದೇ ಮಣಿಸಾಲಿಗೆ ದಪ್ಪ ಬರಲೆಂದು ಮೂರು ನಾಲ್ಕು ವೆಫ್ಟ್ ಒಂದರ ಮೇಲೊಂದು ಹೊಲಿಯುವುದೂ ಇದೆ. ಕೂದಲು ತೆಳುವಿದ್ದವರು ಇದಕ್ಕೆ ಒಪ್ಪದೆ, ಹಗುರವಾಗಿ ಎರಡು ಸಾಲು ಮಾಡಿಸುವುದು ಮೇಲು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್‌ನಿಂದ 1.25 ಸೆಂಟಿಮೀಟರ್ ಬೆಳೆಯುತ್ತದೆ. ಎರಡು ತಿಂಗಳಲ್ಲಿ ಮಣಿ ನೆತ್ತಿಯಿಂದ ಎರಡು ಸೆಂಟಿಮೀಟರಿನಷ್ಟು ಕೆಳಗಿಳಿದು ತೂಗಾಡತೊಡಗುತ್ತದೆ, ಕೂದಲು ಬುಡದಲ್ಲಿ ತಿರುಚಿಕೊಳ್ಳುತ್ತದೆ. 6ರಿಂದ 8 ವಾರಕ್ಕೊಮ್ಮೆ ಬಿಚ್ಚಿ ಮೇಲಕ್ಕೆ ಏರಿಸಬೇಕು ಎನ್ನುವುದು ಇದಕ್ಕೇ. ಆ ಖರ್ಚನ್ನೂ ಸೇರಿಸಿಯೇ ಬೆಲೆ ಲೆಕ್ಕ ಹಾಕಿ.

ನಮ್ಮ ಎಣ್ಣೆಸ್ನಾನದ ರೂಢಿಯನ್ನೂ ಇಲ್ಲಿ ನೆನೆಯಬೇಕು. ಕೊಬ್ಬರಿ ಎಣ್ಣೆ ಬುಡಕ್ಕೆ ತಿಕ್ಕಿದರೆ ಮಣಿಯ ಹಿಡಿತ ಜಾರುತ್ತದೆ. ಸೀಗೆಪುಡಿ, ಕಡ್ಲೆಹಿಟ್ಟು ಜಡೆಗಳ ಸಂದಿಗೆ ಸೇರಿದರೆ ಎಷ್ಟು ನೀರು ಹಾಕಿದರೂ ಪೂರ್ತಿ ಹೋಗುವುದಿಲ್ಲ. ಸೋ-ಇನ್ ಇರುವಷ್ಟು ದಿನ ಎಣ್ಣೆಯನ್ನು ತುದಿಗಷ್ಟೇ ಹಚ್ಚಿ, ತೆಳು ಶಾಂಪೂ ನೀರಿನಿಂದ ನೆತ್ತಿ ತೊಳೆದುಕೊಳ್ಳಿ. ಒಣಗಿಸುವುದು ಅದಕ್ಕಿಂತ ಮುಖ್ಯ. ಮೇಲಿನ ಕೂದಲು ಒಣಗಿದ್ದರೂ ಕೆಳಗಿನ ಜಡೆ ಗಂಟೆಗಟ್ಟಲೆ ತೇವವಾಗಿಯೇ ಇರುತ್ತದೆ. ಹಾಗೇ ಮಲಗಿದರೆ ಮುಗ್ಗಲು ವಾಸನೆ, ತುರಿಕೆ ಶುರು. ಮಲೆನಾಡಿನ ಮಳೆಗಾಲದಲ್ಲಿ ಜಡೆಯಾಧಾರಿತ ಸೋ-ಇನ್ ಬೇಡವೆನ್ನಲು ಈ ಒಂದು ಕಾರಣ ಸಾಕು. ಮಲ್ಲಿಗೆ ದಂಡೆ ಮುಡಿಯುವವರು ಹೇರ್‌ಪಿನ್ನನ್ನು ವೆಫ್ಟಿನ ಹೊಲಿಗೆಗೆ ಸಿಕ್ಕಿಸಬೇಡಿ. ಮೊಗ್ಗಿನ ಜಡೆಯಂಥ ಭಾರವನ್ನಂತೂ ಹೊಲಿದ ಕೂದಲಿಗೆ ನೇತುಹಾಕಲೇಬಾರದು. ಒಂದು ದಿನದ ಶಾಸ್ತ್ರಕ್ಕೆ ನಮ್ಮ ಹಳೆಯ ಚೌರಿಯೇ ಚೆಂದ, ಸಂಜೆ ಬಿಚ್ಚಿಟ್ಟರೆ ಮುಗಿಯಿತು.

ವೆಫ್ಟಿನಲ್ಲೂ ಮೂರು ಬಗೆ

ಮೆಷಿನ್ ವೆಫ್ಟ್ ದಪ್ಪ, ಗಟ್ಟಿ, ಅಗ್ಗ. ಬೇಕಾದ ಅಳತೆಗೆ ಕತ್ತರಿಸಬಹುದು, ಕತ್ತರಿಸಿದ ತುದಿ ಬಿಚ್ಚಿಕೊಳ್ಳದಂತೆ ಸೀಲರ್ ಹಚ್ಚಬೇಕು. ದಟ್ಟ ಕೂದಲಿನ ಕೆಳಗೆ, ಜಡೆಯ ಮೇಲೆ, ಇದು ಸಾಕು. ತೆಳು ಕೂದಲಿನ ಕೆಳಗೆ ಉಬ್ಬಾಗಿ ಕಾಣುತ್ತದೆ. ಹ್ಯಾಂಡ್-ಟೈಡ್ ವೆಫ್ಟನ್ನು ಕೈಯಲ್ಲೇ ಗಂಟು ಹಾಕಿರುತ್ತಾರೆ, ತೀರ ತೆಳು. ಆದರೆ ನಡುವೆ ಕತ್ತರಿಸಿದರೆ ಗಂಟು ಬಿಚ್ಚಿ ಕೂದಲು ಉದುರಲು ಶುರುವಾಗುತ್ತದೆ. ಗಂಟಿನ ಆಚೆ ಮಡಚಿದ ಗಿಡ್ಡ ಕೂದಲಿನ ಸಾಲೊಂದು ನಿಂತಿರುತ್ತದೆ, ಅದು ನೆತ್ತಿಗೆ ಚುಚ್ಚುತ್ತದೆ ಎಂದು ಹಲವರು ದೂರುತ್ತಾರೆ. ಇತ್ತೀಚಿನ ಜೀನಿಯಸ್ ವೆಫ್ಟ್ ತೆಳುವೂ ಹೌದು, ಎಲ್ಲಿ ಬೇಕಾದರೂ ಕತ್ತರಿಸಬಹುದು, ಗಿಡ್ಡ ಕೂದಲಿನ ಚುಚ್ಚುವಿಕೆಯೂ ಇಲ್ಲ. ಬೆಲೆ ಮಾತ್ರ ಮೆಷಿನ್ ವೆಫ್ಟಿಗಿಂತ ಹೆಚ್ಚು.

ಇನ್ನು ಕೂದಲು. ವೆಫ್ಟನ್ನು ಮಾರುವ ಒಂದು ಕಟ್ಟು, ಅಂದರೆ ಬಂಡಲ್, ಸಾಮಾನ್ಯವಾಗಿ 100 ಗ್ರಾಂ. ಇಡೀ ತಲೆಗೆ ಎರಡರಿಂದ ಮೂರು ಬಂಡಲ್ ಬೇಕಾಗುತ್ತದೆ, ಅಂದರೆ ಕಾಲು ಕೆಜಿಯ ಆಸುಪಾಸು. 12 ಇಂಚಿನ ಬಂಡಲೂ 24 ಇಂಚಿನ ಬಂಡಲೂ ಅದೇ 100 ಗ್ರಾಂ ಆದ್ದರಿಂದ, ಉದ್ದ ಹೆಚ್ಚಿದಷ್ಟೂ ಎಳೆಗಳ ಸಂಖ್ಯೆ ಕಡಿಮೆ. ಉದ್ದನೆಯ ಕೂದಲು ದಪ್ಪವಾಗಿಯೂ ಕಾಣಬೇಕೆಂದರೆ ಇನ್ನೊಂದು ಬಂಡಲ್ ಸೇರಿಸಬೇಕು, ಭಾರ ಹೆಚ್ಚುತ್ತದೆ. ನಾಲ್ಕು ಇಂಚು ಕಡಿಮೆ ಮಾಡಿಕೊಂಡರೆ ದುಡ್ಡು, ಬುಡ ಎರಡೂ ಉಳಿಯುತ್ತವೆ.

ಬ್ರೆಜಿಲಿಯನ್, ಪೆರುವಿಯನ್, ಮಲೇಷ್ಯನ್ ಎಂದು ಪ್ಯಾಕೆಟ್ಟಿನ ಮೇಲೆ ಬರೆದಿರುವುದು ಬಹುಮಟ್ಟಿಗೆ ಕೂದಲಿನ ಅಲೆಯ ಬಗೆಗೆ ವ್ಯಾಪಾರದವರು ಇಟ್ಟುಕೊಂಡ ಹೆಸರು. ಕೂದಲು ಆ ದೇಶದಿಂದ ಬಂದಿದೆ ಎಂದಲ್ಲ. 8ಎ, 10ಎ, 12ಎ ಎಂಬ ದರ್ಜೆಗಳಿಗೂ ಎಲ್ಲರೂ ಒಪ್ಪಿದ ಮಾನದಂಡವಿಲ್ಲ, ಒಬ್ಬೊಬ್ಬ ಮಾರಾಟಗಾರನದು ಒಂದೊಂದು ಲೆಕ್ಕ. ನೋಡಬೇಕಾದದ್ದು ಕೂದಲಿನ ಮೇಲ್ಪದರದ ದಿಕ್ಕನ್ನು. ಕೂದಲಿನ ಮೈಮೇಲೆ ಮೀನಿನ ಹುರುಪೆಯಂಥ ಪದರಗಳಿರುತ್ತವೆ, ಎಲ್ಲವೂ ಬುಡದಿಂದ ತುದಿಯ ಕಡೆಗೆ ಮಲಗಿರುತ್ತವೆ. ಕತ್ತರಿಸುವಾಗಲೇ ಬುಡ ಒಂದು ಕಡೆ, ತುದಿ ಒಂದು ಕಡೆ ಇಟ್ಟು ಕಟ್ಟಿದ ಕೂದಲೇ ರೆಮಿ. ಹಾಗಿದ್ದರೆ ಸಿಕ್ಕು ಕಡಿಮೆ. ದಿಕ್ಕು ಬೆರೆತರೆ ಹುರುಪೆಗಳು ಒಂದಕ್ಕೊಂದು ಕೊಕ್ಕೆಯಾಗಿ ಸಿಕ್ಕಿಕೊಳ್ಳುತ್ತವೆ. ಅಂಥ ಕೂದಲನ್ನು ಆಮ್ಲದಲ್ಲಿ ಅದ್ದಿ ಹುರುಪೆ ತೆಗೆದು, ಸಿಲಿಕೋನ್ ಲೇಪಿಸಿ ಮಾರುತ್ತಾರೆ. ಅಂಗಡಿಯಲ್ಲಿ ಅದು ರೇಷ್ಮೆಯಷ್ಟು ನುಣುಪು. ಕೆಲವು ಸಲ ತೊಳೆದ ಮೇಲೆ ಲೇಪ ಹೋಗಿ ಕಂತೆಯಾಗುತ್ತದೆ. ಬೆಂಗಳೂರಿನ ಹಲವು ಬಡಾವಣೆಗಳ ಬೋರ್‌ವೆಲ್ಲಿನ ಗಡಸು ನೀರಿನಲ್ಲಂತೂ ಇನ್ನೂ ಬೇಗ.

ಈ ಎರಡು ಬಗೆಯ ಕೂದಲೂ ನಮ್ಮ ಸುತ್ತಲಿಂದಲೇ ಜಗತ್ತಿಗೆ ಹೋಗುತ್ತದೆ. ತಿರುಮಲೆಯ ಕಲ್ಯಾಣಕಟ್ಟೆಯಲ್ಲಿ ಭಕ್ತರು ಕೊಟ್ಟ ಮುಡಿಯನ್ನು ದೇವಸ್ಥಾನದವರು ಉದ್ದದ ಪ್ರಕಾರ ವಿಂಗಡಿಸಿ ಇ-ಹರಾಜು ಹಾಕುತ್ತಾರೆ. ಉದ್ದನೆಯ ಕೂದಲನ್ನು ಬುಡದ ಕಡೆ ಕಟ್ಟಿಯೇ ತೆಗೆದರೆ ಅದು ರೆಮಿಯಾಗಿ ಉಳಿಯುತ್ತದೆ. ಇತ್ತ ಕೊಪ್ಪಳದ ಭಾಗ್ಯನಗರದಲ್ಲಿ ಇನ್ನೊಂದು ಲೋಕವಿದೆ. ಹಳ್ಳಿಹಳ್ಳಿ ಸುತ್ತಿ ಪಾತ್ರೆ, ಪಿನ್ನು ಕೊಟ್ಟು ಕೊಂಡು ತಂದ ಬಾಚಣಿಗೆಯ ಕೂದಲಿನ ಉಂಡೆಗಳು ಅಲ್ಲಿಗೆ ಬರುತ್ತವೆ. ಹೆಣ್ಣುಮಕ್ಕಳು ಕೂತು ಅವನ್ನು ಎಳೆಎಳೆಯಾಗಿ ಬಿಡಿಸಿ, ಕಸ ತೆಗೆದು, ಮೊಳೆಹಲಗೆಯ ಮೇಲೆ ಎಳೆದು ಉದ್ದ ಸರಿಮಾಡಿ ಕಟ್ಟುತ್ತಾರೆ. ಕಣ್ಣು, ಬೆರಳು, ಬೆನ್ನು ಮೂರೂ ಸೋಲುವ ಕೆಲಸ. ಬಾಚಣಿಗೆಯಿಂದ ಬಂದದ್ದರಿಂದ ಅದರಲ್ಲಿ ಬುಡ-ತುದಿ ಬೆರೆತಿರುತ್ತದೆ, ಹಾಗಾಗಿ ಸಾಮಾನ್ಯವಾಗಿ ನಾನ್-ರೆಮಿ ದರ್ಜೆಗೆ ಹೋಗುತ್ತದೆ. ಕೆಲವು ವಾರದ ಬಳಕೆಗೆ ಅದರಲ್ಲಿ ತಪ್ಪೇನಿಲ್ಲ. ಅದನ್ನು ರೆಮಿ ಎಂದು ಹೇಳಿ ಮಾರಿದರೆ ಮಾತ್ರ ಮೋಸ.

ಪರೀಕ್ಷೆ ಕಷ್ಟದ್ದಲ್ಲ. ಒಂದು ಎಳೆಯನ್ನು ಬೆರಳ ನಡುವೆ ಹಿಡಿದು ಬುಡದಿಂದ ತುದಿಗೆ ಜಾರಿಸಿ: ನುಣುಪು. ತುದಿಯಿಂದ ಬುಡಕ್ಕೆ ಜಾರಿಸಿದರೆ ತುಸು ತಡೆಯಬೇಕು. ಎರಡೂ ಕಡೆ ಒಂದೇ ರೀತಿ ಜಾರಿದರೆ ಹುರುಪೆ ತೆಗೆದಿದ್ದಾರೆ ಅಥವಾ ಲೇಪ ಹಚ್ಚಿದ್ದಾರೆ. ಸುಟ್ಟು ನೋಡಿದರೆ ನಿಜವಾದ ಕೂದಲು ಕಮಟು ವಾಸನೆ ಬಂದು ಬೂದಿಯಾಗುತ್ತದೆ, ಸಿಂಥೆಟಿಕ್ ಕರಗಿ ಗಟ್ಟಿ ಉಂಡೆಯಾಗುತ್ತದೆ. ಹೊಲಿಯುವ ಮುನ್ನ ಬಂಡಲನ್ನು ಒಮ್ಮೆ ಶಾಂಪೂ ಹಾಕಿ ತೊಳೆದು ಒಣಗಿಸಿ. ಆಗಲೇ ಸಿಕ್ಕಾದರೆ ತಲೆಗೇರಿಸುವ ಪ್ರಶ್ನೆಯೇ ಇಲ್ಲ.

ಯಾರು ಸದ್ಯಕ್ಕೆ ಬೇಡವೆನ್ನಬೇಕು? ಹೆರಿಗೆಯಾದ ಕೆಲವು ತಿಂಗಳ ಬಾಣಂತಿಯರು, ಏಕೆಂದರೆ ಆಗ ಕೂದಲು ತಾನಾಗಿಯೇ ಹೆಚ್ಚು ಉದುರುತ್ತದೆ. ಥೈರಾಯ್ಡ್, ರಕ್ತಹೀನತೆ, ದೀರ್ಘ ಜ್ವರದಿಂದ ಉದುರುತ್ತಿರುವವರು. ನೆತ್ತಿಯಲ್ಲಿ ಹುಣ್ಣು, ತೀವ್ರ ಹೊಟ್ಟು ಇರುವವರು. ಕೂದಲು ಉದುರುತ್ತದೆಂದೇ ಎಕ್ಸ್‌ಟೆನ್ಷನ್‌ಗೆ ಬರುವವರು ಬಹಳ, ಅವರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಮೊದಲು ಚರ್ಮವೈದ್ಯರನ್ನು ನೋಡಬೇಕು. ಬಿಗಿ ಎಳೆತದಿಂದ ಕೂದಲು ಹೋಗುವುದಕ್ಕೆ ವೈದ್ಯರು ಟ್ರ್ಯಾಕ್ಷನ್ ಅಲೋಪೀಶಿಯಾ ಎನ್ನುತ್ತಾರೆ. ಬೇಗ ಗುರುತಿಸಿ ಎಳೆತ ನಿಲ್ಲಿಸಿದರೆ ಕೂದಲು ಮರಳಿ ಬರುತ್ತದೆ. ವರ್ಷಗಟ್ಟಲೆ ನಡೆದರೆ ಬುಡವೇ ಕಲೆಗಟ್ಟಿ ಆ ಜಾಗದಲ್ಲಿ ಮತ್ತೆ ಹುಟ್ಟುವುದಿಲ್ಲ. "ಮೊದಲೆರಡು ದಿನ ನೋವಿರುತ್ತೆ ಮೇಡಂ, ಆಮೇಲೆ ಸರಿಹೋಗುತ್ತೆ" ಎಂಬ ಮಾತನ್ನು ಒಪ್ಪಬೇಡಿ. ಹುಬ್ಬೇರಿಸಲು ಕಷ್ಟವಾದರೆ, ಜಡೆಯ ಬುಡದಲ್ಲಿ ಚರ್ಮ ಗುಡಾರದಂತೆ ಎದ್ದು ನಿಂತಿದ್ದರೆ, ಹಣೆಯಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದರೆ, ಅವತ್ತೇ ಬಿಚ್ಚಿಸಿ. ಕೊಟ್ಟ ದುಡ್ಡಿನ ಮುಖ ನೋಡಬೇಡಿ.

ಎಲ್ಲ ಸರಿಯಾಗಿದ್ದರೂ ಎರಡು ತಿಂಗಳ ಆಚೆ ಇಟ್ಟುಕೊಳ್ಳದಿರುವುದು ಒಳ್ಳೆಯದು. ಬಿಚ್ಚುವ ದಿನ ಕೈಗೆ ಬರುವ ಕೂದಲಿನ ಉಂಡೆ ನೋಡಿ ಅನೇಕರು ಗಾಬರಿಯಾಗುತ್ತಾರೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಜಡೆಯೊಳಗೆ ಸಿಕ್ಕಿಕೊಂಡದ್ದು ಬಾಚಣಿಗೆಗೆ ಬರದೆ ಅಲ್ಲೇ ಉಳಿಯುತ್ತದೆ. 50 ದಿನ ಇಟ್ಟುಕೊಂಡಿದ್ದರೆ 2500ರಿಂದ 5000 ಎಳೆ ಒಟ್ಟಿಗೆ ಬಂದರೂ ಲೆಕ್ಕ ಸರಿಯೇ. ಗಾಬರಿಯಾಗುವ ಮೊದಲು ಬೆಳಕಿಗೆ ಹಿಡಿದು ನೋಡಿ. ತುದಿಯಲ್ಲಿ ಸಾಸಿವೆಗಿಂತಲೂ ಸಣ್ಣ ಬಿಳಿ ಗಂಟು ಇದ್ದರೆ ಅದು ಆಯುಸ್ಸು ಮುಗಿದು ತಾನಾಗಿ ಉದುರಿದ ಕೂದಲು. ಗಂಟಿಲ್ಲದ, ಗಿಡ್ಡ, ತುಂಡಾದ ಎಳೆಗಳೇ ಹೆಚ್ಚಿದ್ದರೆ ಎಳೆತ ಜಾಸ್ತಿಯಾಗಿದೆ. ಆಗ ಅದೇ ದಿನ ಮತ್ತೆ ಹೊಲಿಸಿಕೊಳ್ಳಬೇಡಿ. ಸಿಕ್ಕನ್ನು ನೀರು ಹಾಕುವ ಮುನ್ನ, ಒಣಗಿದ್ದಾಗಲೇ, ಕಂಡೀಷನರ್ ಹಚ್ಚಿ ತುದಿಯಿಂದ ಮೇಲಕ್ಕೆ ಬೆರಳಲ್ಲೇ ಬಿಡಿಸಿ, ಆಮೇಲೆ ತೊಳೆಯಿರಿ. ಮುಂದಿನ ಸಲಕ್ಕೆ ಕೆಲವು ವಾರ ಬಿಡುವು ಕೊಟ್ಟು, ಒಂದು ಬಂಡಲ್ ಕಡಿಮೆ ಮಾಡಿಸಿ.